ಸಹಾಯ ಬೇಕು: ಲಾಟರಿ ಗೆದ್ದಿದ್ದೀರಿ ಅಂತ ಮಾವನಿಗೆ ಇಮೇಲ್ ಬಂದಿದೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ.

ಪುತ್ತೂರಿನಲ್ಲಿರುವ ನಮ್ಮ ಮಾವನಿಗೆ ಕೇರಳ ಲಾಟರಿಯಲ್ಲಿ 25 ಲಕ್ಷ ಬಂದಿದೆ ಎಂದು ಮೇಲ್ ಬಂದಿದೆ. ಅವರು ಟಿಕೆಟ್ಟೇ ತಗೊಂಡಿಲ್ಲ! ಕಳಿಸಿದವರ ಹೆಸರು 'ಲಾಟರಿ ಇಲಾಖೆ', ಆದರೆ ಹೆಸರಿನ ಮೇಲೆ ಒತ್ತಿದರೆ ಕಾಣುವುದು ಮಾಮೂಲಿ ಜಿಮೇಲ್ ವಿಳಾಸ. ಜೊತೆಗೊಂದು ಪಿಡಿಎಫ್. ಅದರಲ್ಲಿ ರಿಸರ್ವ್ ಬ್ಯಾಂಕ್ ಲಾಂಛನ, ನೀಲಿ ಸೀಲು, 'ಇಂದು ಸಂಜೆ 5ರೊಳಗೆ ಜಿಎಸ್‌ಟಿ ಕಟ್ಟಿ, ಯಾರಿಗೂ ಹೇಳಬೇಡಿ' ಎಂಬ ಸಾಲು. ಯಾವ ಸರ್ಕಾರಿ ಕಚೇರಿ ಹೀಗೆ ಬರೆಯುತ್ತೆ ಹೇಳಿ?

ಕೇರಳ ಲಾಟರಿ ಕಾಗದದ ಟಿಕೆಟ್‌ನಲ್ಲೇ ನಡೆಯುವುದು. ಬಹುಮಾನ ಬೇಕಾದರೆ ಅಸಲಿ ಟಿಕೆಟ್ ಕೊಡಬೇಕು. ತೆರಿಗೆಯನ್ನು ಬಹುಮಾನದಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಮೊದಲೇ ಕಟ್ಟಿಸಿಕೊಳ್ಳುವುದಿಲ್ಲ. ಇಷ್ಟು ಹೇಳಿದರೂ ಮಾವ, "ನಿನಗೆ ಹೊಟ್ಟೆಕಿಚ್ಚು" ಅಂತಾರೆ. ಬೇಜಾರಾಗುತ್ತೆ, ಆದರೆ ಅವರ ಮೇಲೆ ಕೋಪ ಇಲ್ಲ. ಮಗಳ ಮದುವೆ ಸಾಲ ಇದೆ ಅವರಿಗೆ.

ನಿನ್ನೆ 8,500 ರೂಪಾಯಿ ಯುಪಿಐನಲ್ಲಿ ಕಳಿಸಿಬಿಟ್ಟಿದ್ದಾರೆ. ಆಧಾರ್, ಪಾಸ್‌ಬುಕ್ ಫೋಟೋ ಕೂಡ ಹೋಗಿದೆ. ಈಗ ಆ ವಂಚಕರು ಇನ್ನೂ ಜಾಸ್ತಿ ಕೇಳ್ತಿದ್ದಾರೆ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ ಎಂದು ಗೊತ್ತು. ಆದರೆ ಮಾವ ಒಪ್ಪದೆ ನಾನೇ ದೂರು ಕೊಡಬಹುದಾ? ಯಾರಾದರೂ ಹಾಗೆ ಕೊಟ್ಟಿದ್ದೀರಾ? ಆಧಾರ್ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿಸಿದರೆ ಸಾಕಾ, ಖಾತೆಯನ್ನೂ ಬದಲಿಸಬೇಕಾ? ಬ್ಯಾಂಕಿನಲ್ಲಿ ಕೆಲಸ ಮಾಡುವವರು ಯಾರಾದರೂ ಮಾವನ ಜೊತೆ ಫೋನಿನಲ್ಲಿ ಎರಡು ಮಾತಾಡಿದರೆ ದೊಡ್ಡ ಉಪಕಾರ. ನನ್ನ ಮಾತು ಕೇಳದಿದ್ದರೂ ನಿಮ್ಮ ಮಾತು ಕೇಳಬಹುದು. ದಯವಿಟ್ಟು ಇನ್‌ಬಾಕ್ಸ್ ಮಾಡಿ.