ಕಿದ್ವಾಯಿಯಲ್ಲಿ ಕೀಮೋ: ಖರ್ಚು, ಓಡಾಟ, ಮನೆಯ ಆರೈಕೆ

ರಾಯಚೂರು_ಮಗ: ಅಮ್ಮನಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಲಿದೆ. ಬಿಪಿಎಲ್ ಕಾರ್ಡ್ ಇದೆ. ಯಾವ ಸೌಲಭ್ಯ ಸಿಗುತ್ತೆ? ಮನೇಲಿ ಏನು ಗಮನಿಸಬೇಕು?

ಕಡತವಾಸಿ: ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗೆ ನೆರವಾಗುವ ಸಿಬ್ಬಂದಿ, ಅಂದರೆ ಆರೋಗ್ಯ ಮಿತ್ರರನ್ನು ಕಾಣಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತೆ. ಮಂಜೂರಾತಿ ಚಿಕಿತ್ಸೆಗೆ ಮುಂಚೆಯೇ ಆಗಬೇಕು. ದುಡ್ಡು ಕಟ್ಟಿ ಆಮೇಲೆ ಬಿಲ್ ಹಿಡಿದು ಹೋದರೆ ಕಷ್ಟ. ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ, ಅರ್ಜಿ ಸಿಕ್ಕಿಕೊಳ್ಳೋದು ಹೆಚ್ಚಾಗಿ ಅಲ್ಲೇ.

ರೈಲುಪ್ರಿಯ: ಚಿಕಿತ್ಸೆಗೆ ಹೋಗಿಬರಲು ಸ್ಲೀಪರ್, ತ್ರೀ-ಟಯರ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಾರರೊಬ್ಬರಿಗೆ 75% ರಿಯಾಯಿತಿ. ರೈಲ್ವೆ ನಮೂನೆಯಲ್ಲಿ ವೈದ್ಯರ ಸಹಿ, ಆಸ್ಪತ್ರೆ ಮೊಹರು ಎರಡೂ ಇರಲಿ.

ವಾರ್ಡ್_ನರ್ಸ್: ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಬೇಡ. ಜ್ವರ ಮುಚ್ಚಿಹೋಗುತ್ತೆ, ಸೋಂಕು ಒಳಗೇ ಬೆಳೆಯುತ್ತೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14ನೇ ದಿನದೊಳಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿದಿರುತ್ತೆ. ಬಾಯಿ ಹುಣ್ಣಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ, ನುಂಗಬಾರದು. ಆಲ್ಕೋಹಾಲ್ ಇರೋ ಮೌತ್‌ವಾಶ್ ಉರಿ ಹೆಚ್ಚಿಸುತ್ತೆ.

ರಾಯಚೂರು_ಮಗ: ಆಧಾರಲ್ಲಿ ಇನಿಷಿಯಲ್ ಬೇರೆ ಇದೆ, ನಾಳೆನೇ ಸರಿ ಮಾಡಿಸ್ತೀನಿ.