ನಾಲ್ಕುನಾಡು ಎಂಬ ಊರು ಎಲ್ಲಿದೆ?

ಪ್ರಶ್ನೆ (ಕುಶಾಲನಗರದಿಂದ):
ನಾಲ್ಕುನಾಡು ಅರಮನೆಯನ್ನು ನೋಡಲೆಂದು ಈಚೆಗೆ ಕಕ್ಕಬ್ಬೆಯ ಬಸ್ ಹತ್ತಿ ‘ನಾಲ್ಕುನಾಡಿಗೆ ಒಂದು ಟಿಕೆಟ್ ಕೊಡಿ’ ಎಂದಾಗ, ನಿರ್ವಾಹಕರು ನನ್ನ ಮುಖವನ್ನೊಮ್ಮೆ ನೋಡಿ, ‘ಅರಮನೆಗೆ ತಾನೇ? ಕೈಕಂಬದಲ್ಲಿ ಇಳಿದು ನಡೆಯಿರಿ’ ಎಂದರು. ಅರಮನೆ ಇರುವುದು ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಯವಕಪಾಡಿಯಲ್ಲಿ. ತೋಟಗಳ ನಡುವೆ ದೂರ ದೂರಕ್ಕೆ ಒಂದೊಂದು ಮನೆ ಕಾಣುವ ಆ ಪುಟ್ಟ ಊರಿನಲ್ಲಿ, ನಾಲ್ಕು ನಾಡುಗಳ ಮಾತಿರಲಿ, ನಾಲ್ಕು ಅಂಗಡಿಗಳೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಲ್ಲಿಂದ ನಾಲ್ಕು ದಿಕ್ಕಿನ ನಾಡೂ ಕಾಣುವುದರಿಂದ ಈ ಹೆಸರು ಬಂತೆಂದು ಜೊತೆಗಿದ್ದವರೊಬ್ಬರು ಹೇಳಿದರು. ಇದು ನಿಜವೇ?

ಉತ್ತರ (ನಾಪೋಕ್ಲುವಿನಿಂದ):
ದಿಕ್ಕಿನ ಕಥೆಯನ್ನು ದಯವಿಟ್ಟು ನಂಬಬೇಡಿ ಸರ್. ಟಿಪ್ಪುವಿನ ಸೆರೆಯಿಂದ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರ, 1792ರ ಸುಮಾರಿಗೆ ಕಾಡಿನ ನಡುವೆ ಈ ಜಾಗವನ್ನು ಆರಿಸಿಕೊಂಡದ್ದು ಅದು ಸುಲಭವಾಗಿ ಯಾರ ಕಣ್ಣಿಗೂ ಬೀಳದೆಂಬ ಕಾರಣಕ್ಕೇ ಹೊರತು, ಅಲ್ಲಿಂದ ಸುತ್ತಲೂ ನೋಡುವುದಕ್ಕಲ್ಲ. ಅದು ಅಡಗುದಾಣವಾಗಿ ಉಪಯೋಗಕ್ಕೂ ಬಂತು: 1834ರಲ್ಲಿ ಬ್ರಿಟಿಷ್ ಸೇನೆ ಕೊಡಗಿಗೆ ನುಗ್ಗಿದಾಗ, ಕೊನೆಯ ಅರಸ ಚಿಕ್ಕವೀರರಾಜೇಂದ್ರ ಮಡಿಕೇರಿಯನ್ನು ಬಿಟ್ಟು ಬಂದದ್ದು ಇಲ್ಲಿಗೇ.

ನಾಲ್ಕುನಾಡು ಎಂದರೆ ಒಂದು ಊರಲ್ಲ, ಒಂದು ಸೀಮೆ. ನಮ್ಮ ಹಿರಿಯರು ಕೊಡಗನ್ನು ‘ಹನ್ನೆರಡು ಕೊಂಬು, ಮೂವತ್ತೈದು ನಾಡು’ ಎಂದು ಲೆಕ್ಕ ಹಾಕುತ್ತಿದ್ದರು; ಕೊಂಬು ಎಂದರೆ ನಾಡಿಗಿಂತ ದೊಡ್ಡ ವಿಭಾಗ. ಹಲವು ಊರುಗಳು ಸೇರಿ ಒಂದು ನಾಡು; ಅದಕ್ಕೊಬ್ಬ ತಕ್ಕ, ಅಂದರೆ ಮುಖ್ಯಸ್ಥ; ವ್ಯಾಜ್ಯ ತೀರಿಸಲೂ ಸುಗ್ಗಿ ಹಬ್ಬವಾದ ಪುತ್ತರಿಯ ಕೋಲಾಟಕ್ಕೂ ಒಂದು ಮಂದ್, ಅಂದರೆ ಎಲ್ಲರೂ ಸೇರುವ ಬಯಲು. ಪಾಡಿಯನ್ನು ಹಿಡಿದು ಸುತ್ತಣ ನಾಲ್ಕು ನಾಡುಗಳು ಪಾಡಿನಾಲ್ಕುನಾಡು ಎನಿಸಿದವು. ಅತ್ತ ವಿರಾಜಪೇಟೆಯ ಕಡೆಗೆ ಎಡೆನಾಲ್ಕುನಾಡು ಎಂಬ ಇನ್ನೊಂದು ಸೀಮೆಯೂ ಇತ್ತು.

ಉತ್ತರ (ಮಡಿಕೇರಿಯಿಂದ):
ಮೇಲಿನವರು ಹೇಳಿದ್ದು ಸರಿಯಾಗಿದೆ. ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ಪಾಡಿನಾಲ್ಕುನಾಡು ಬ್ರಿಟಿಷರ ಕಾಲದಲ್ಲಿ ಒಂದು ತಾಲ್ಲೂಕಾಗಿತ್ತು. ಹಳೆಯ ಜಮೀನು ದಾಖಲೆಗಳನ್ನು ಬಿಡಿಸಿ ನೋಡಿದವರಿಗೆ ಈ ಹೆಸರು ಹೊಸದಲ್ಲ. ತಾಲ್ಲೂಕುಗಳನ್ನು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರಕ್ಕೆ ಇಳಿಸಿದಾಗ ಅದು ಕಚೇರಿಯ ಕಾಗದಗಳಿಂದ ಮರೆಯಾಯಿತು. ಸೀಮೆಯ ಹೆಸರನ್ನು ಹೊತ್ತಿದ್ದ ಅರಮನೆ ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ ನಿಮ್ಮಂತೆ ಹೊರಗಿನಿಂದ ಬಂದವರು ಇಲ್ಲದ ಊರಿಗೆ ಟಿಕೆಟ್ ಕೇಳುವಂತಾಗಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ ಪಾಡಿ ಎಂದರೆ ಯವಕಪಾಡಿಯೇ?

ಉತ್ತರ (ನಾಪೋಕ್ಲುವಿನಿಂದ):
ಅಲ್ಲ. ಅದು ಕಕ್ಕಬ್ಬೆಯ ಬಳಿ ಇಗ್ಗುತ್ತಪ್ಪ ದೇವಸ್ಥಾನವಿರುವ ಪಾಡಿ. ಪುತ್ತರಿಗೆ ಕದಿರು ತೆಗೆಯುವ ಮುಹೂರ್ತ ಇಂದಿಗೂ ನಿಶ್ಚಯವಾಗುವುದು ಅಲ್ಲಿಯೇ. ಮುಂದಿನ ಸಲ ಬಂದಾಗ ಆ ಗುಡ್ಡವನ್ನೂ ಹತ್ತಿ ಬನ್ನಿ; ಟಿಕೆಟ್ ಮಾತ್ರ ಕಕ್ಕಬ್ಬೆಗೇ ಕೇಳಿ.