ಒರಿಜಿನಲ್ ಸಿಡಿ ಇಲ್ಲ, ವಿಂಡೋಸ್ ಮತ್ತೆ ಹಾಕೋದು ಹೇಗೆ?

ಪ್ರಶ್ನೆ (ಸಾಗರ ಕಡೆಯ ಸದಸ್ಯರು): ನಮಸ್ಕಾರ ಸರ್. ನಮ್ಮದು ಸಾಗರದಿಂದ ಒಳಗೆ ಒಂದು ಹಳ್ಳಿ. ಲ್ಯಾಪ್‌ಟಾಪ್ 2017ರಲ್ಲಿ ತಗೊಂಡಿದ್ದು, ವಿಂಡೋಸ್ 10 ಅದರ ಜೊತೆಗೇ ಬಂದಿತ್ತು. ಹೋದ ವಾರದ ಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಆನ್ ಮಾಡಿದರೆ ‘ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್’ ಅಂತ ಬರುತ್ತದೆ. ಆಫ್ ಆಗುತ್ತದೆ, ಮತ್ತೆ ಅದೇ. ಪೇಟೆಯಲ್ಲಿ ಒಂದು ಅಂಗಡಿಗೆ ಒಯ್ದೆ. "ಒರಿಜಿನಲ್ ಸಿಡಿ ತನ್ನಿ, ಇಲ್ಲದಿದ್ದರೆ ಹೊಸ ವಿಂಡೋಸ್‌ಗೆ ದುಡ್ಡು ಕೊಡಿ" ಅಂದರು. ಅಟ್ಟದ ಮೇಲೆ ಹುಡುಕಿದಾಗ ಒಂದು ಡಿವಿಡಿ ಸಿಕ್ಕಿತು. ಬೂಷ್ಟು ಹಿಡಿದು ಬಿಳಿ ಬಿಳಿ ಗೆರೆ ಹರಡಿದೆ, ಒರೆಸಿದರೂ ಹೋಗುತ್ತಿಲ್ಲ. ಇಷ್ಟು ವರ್ಷದ ಅಡಿಕೆ ಮಂಡಿ ಲೆಕ್ಕ, ದೇವಸ್ಥಾನ ಸಮಿತಿಯ ಕಾಗದಪತ್ರ ಎಲ್ಲ ಅದರೊಳಗೇ ಇದೆ. ಏನು ಮಾಡಲಿ?

ಉತ್ತರ (ಶಿವಮೊಗ್ಗ, ಕಂಪ್ಯೂಟರ್ ರಿಪೇರಿ): ಮೊದಲು ಸಮಾಧಾನ ಮಾಡಿಕೊಳ್ಳಿ. ಸಿಡಿ ಬೇಕಾಗಿಯೇ ಇಲ್ಲ. ನಿಮಗೆ ಸಿಕ್ಕಿರುವ ಡಿವಿಡಿ ಮೇಲೆ ಏನು ಬರೆದಿದೆ ನೋಡಿ. ‘ಡ್ರೈವರ್ಸ್’ ಅಂತಲೇ ಇರಬಹುದು, ಅಂದರೆ ವೈಫೈ, ಸೌಂಡ್ ಇಂಥ ಭಾಗಗಳನ್ನು ಓಡಿಸುವ ಸಾಫ್ಟ್‌ವೇರ್, ವಿಂಡೋಸ್ ಅಲ್ಲ. ಆ ಕಾಲದ ಲ್ಯಾಪ್‌ಟಾಪ್ ಜೊತೆ ವಿಂಡೋಸ್ ಡಿಸ್ಕ್ ಕೊಡುತ್ತಿದ್ದದ್ದೇ ಅಪರೂಪ. ಹಾಗಾಗಿ ನೀವು ಕಳೆದುಕೊಂಡಿದ್ದೇನೂ ಇಲ್ಲ.

ನೀವು ದುಡ್ಡು ಕೊಟ್ಟಿದ್ದು ಲೈಸೆನ್ಸಿಗೆ, ತಟ್ಟೆಗಲ್ಲ. ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ಕಂಪನಿಯವರು ಪ್ರಾಡಕ್ಟ್ ಕೀಯನ್ನು (ಲೈಸೆನ್ಸ್ ನಂಬರ್) ಮದರ್‌ಬೋರ್ಡಿನ, ಅಂದರೆ ಒಳಗಿನ ಮುಖ್ಯ ಬೋರ್ಡಿನ, ಚಿಪ್ಪಿನಲ್ಲೇ ಬರೆದು ಕಳಿಸುತ್ತಾರೆ. ಅದಕ್ಕೇ ಅಡಿಯಲ್ಲಿ ನಂಬರ್ ಇರುವ ಸ್ಟಿಕ್ಕರ್ ಕಾಣುವುದಿಲ್ಲ. ವಿಂಡೋಸ್ ಹಾಕುವಾಗ ಅದೇ ಓದಿಕೊಳ್ಳುತ್ತದೆ, ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಹಾರ್ಡ್‌ಡಿಸ್ಕ್ ಬದಲಾಯಿಸಿದರೂ ಲೈಸೆನ್ಸ್ ಹೋಗುವುದಿಲ್ಲ. ಮದರ್‌ಬೋರ್ಡ್ ಬದಲಾಯಿಸಿದರೆ ಮಾತ್ರ ತಕರಾರು.

ಆದರೆ ಒಂದು ಮಾತು. ಈಗಲೇ ವಿಂಡೋಸ್ ಹಾಕಲು ಹೋಗಬೇಡಿ. ಲ್ಯಾಪ್‌ಟಾಪ್ ಆನ್ ಮಾಡಿ, ಎಡಗೈ ಇಡುವ ಜಾಗಕ್ಕೂ ಬಲಗೈ ಇಡುವ ಜಾಗಕ್ಕೂ ಕಿವಿ ಕೊಟ್ಟು ಕೇಳಿ. ಟಿಕ್, ಟಿಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದೆಯಾ? ಬಂದರೆ ಆಫ್ ಮಾಡಿ ಇಟ್ಟುಬಿಡಿ. ಅದು ವಿಂಡೋಸ್ ಕಾಯಿಲೆ ಅಲ್ಲ, ಡಿಸ್ಕ್ ಸಾಯುತ್ತಿರುವ ಸದ್ದು.

ಸಾಗರದವರು: ಸದ್ದು ಏನೂ ಇಲ್ಲ ಸರ್. ಡಿವಿಡಿ ಮೇಲೆ ನೀವು ಹೇಳಿದ ಹಾಗೆ ಡ್ರೈವರ್ಸ್ ಅಂತಲೇ ಇದೆ! ಮೂರು ದಿನ ಸುಮ್ನೆ ಹುಡುಕಿದೆ.

ಉತ್ತರ: ಒಳ್ಳೆಯದಾಯಿತು. ಈಗ ಫೈಲು ಹೊರಗೆ ತೆಗೆಯೋಣ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದೆಲ್ಲ ಸಿ ಡ್ರೈವ್‌ನಲ್ಲಿರುತ್ತದೆ. ವಿಂಡೋಸ್ ಹೊಸದಾಗಿ ಹಾಕುವಾಗ ಅಳಿಸಿ ಹೋಗುವುದು ಅದೇ. "ನಾನು ಡಿ ಡ್ರೈವ್ ಮುಟ್ಟಿಲ್ಲ ಸರ್, ಆದರೂ ಎಲ್ಲ ಹೋಯ್ತು" ಅಂತ ಅಂಗಡಿಗೆ ಬರುವವರು ಜಾಸ್ತಿ.

ಅಕ್ಕಪಕ್ಕದಲ್ಲಿ ಯಾರದ್ದಾದರೂ ಲ್ಯಾಪ್‌ಟಾಪ್ ಇಸಿದುಕೊಳ್ಳಿ. ಎರಡು ಪೆನ್‌ಡ್ರೈವ್ ಬೇಕು, ಎರಡೂ 8 ಜಿಬಿಗೆ ಕಡಿಮೆ ಬೇಡ. ಮೊದಲನೆಯದಕ್ಕೆ ಲಿನಕ್ಸ್ ಮಿಂಟ್ ಹಾಕಿ, ಅದು ವಿಂಡೋಸ್ ಥರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್. ಮಿಂಟ್‌ನ ಸೈಟಿನಿಂದ ಐಎಸ್ಒ ಫೈಲ್ ಇಳಿಸಿ, ರೂಫಸ್ ಎನ್ನುವ ಪುಟ್ಟ ಸಾಫ್ಟ್‌ವೇರಿನಲ್ಲಿ ಪೆನ್‌ಡ್ರೈವ್‌ಗೆ ಬರೆಯಿರಿ. ಇದನ್ನು ಇನ್‌ಸ್ಟಾಲ್ ಮಾಡುವುದು ಬೇಡ, ನಿಮ್ಮ ಲ್ಯಾಪ್‌ಟಾಪ್‌ಗೆ ಚುಚ್ಚಿ ಆನ್ ಮಾಡುವಾಗ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿದರೆ ಅದರಿಂದಲೇ ಓಡುತ್ತದೆ. ನಿಮ್ಮ ಹಳೇ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ಬೇರೊಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಒಂದೆರಡು ಫೈಲ್ ತೆರೆದು ನೋಡಿ, ಆಮೇಲೆ ನಂಬಿ.

ಎರಡನೆಯದಕ್ಕೆ ಮೈಕ್ರೋಸಾಫ್ಟ್ ಸೈಟಿನಲ್ಲಿ ಸಿಗುವ ‘ಮೀಡಿಯಾ ಕ್ರಿಯೇಷನ್ ಟೂಲ್’ ಓಡಿಸಿ. ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವುದು ಅದೇ. ಅದು ಉಚಿತ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದನ್ನು ಅದು ಪೂರ್ತಿ ಅಳಿಸುತ್ತದೆ, ಮದುವೆ ಫೋಟೋ ಇರುವುದನ್ನು ಚುಚ್ಚಬೇಡಿ. ಡೌನ್‌ಲೋಡ್ ನಾಲ್ಕೈದು ಜಿಬಿ ಆಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಇದು ಆಗುವ ಮಾತಲ್ಲ. ಪೇಟೆಗೆ ಹೋದಾಗ ಒಳ್ಳೆ ನೆಟ್ ಇರುವ ಕಡೆ ಮುಗಿಸಿಕೊಳ್ಳಿ.

ಇನ್ನೊಬ್ಬ ಸದಸ್ಯರು (ತೀರ್ಥಹಳ್ಳಿ): ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೇ? ನಮ್ಮ ಕಡೆ ಒಬ್ಬ ಹುಡುಗ 300 ರೂಪಾಯಿಗೆ ಕ್ರ್ಯಾಕ್ ವಿಂಡೋಸ್, ಅಂದ್ರೆ ಲೈಸೆನ್ಸ್ ಇಲ್ಲದ್ದು, ಹಾಕಿಕೊಡ್ತಾನೆ.

ಉತ್ತರ: ಇವರ ಲೈಸೆನ್ಸ್ ಬೋರ್ಡಿನಲ್ಲೇ ಇದೆ. ಮನೆ ಬಾವಿಯಲ್ಲಿ ನೀರಿರುವಾಗ ಟ್ಯಾಂಕರ್ ತರಿಸುವುದು ಯಾಕೆ? ಕ್ರ್ಯಾಕ್ ಕೆಲಸ ಮಾಡಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೀರಿ ಅಲ್ವಾ? ಕಾನೂನಿನ ಮಾತು ಬೇರೆ.

ಸಾಗರದವರು: ಫೈಲ್ ಕಾಪಿ ಆಯಿತು ಸರ್, ಲೆಕ್ಕ ಎಲ್ಲ ಸಿಕ್ಕಿತು. ಎರಡನೇ ಪೆನ್‌ಡ್ರೈವೂ ರೆಡಿ. ವಿಂಡೋಸ್ 11 ಹಾಕಬಹುದಾ? ಪಾರ್ಟಿಶನ್, ಅಂದರೆ ಡಿಸ್ಕಿನ ಯಾವ ಭಾಗ ಅಂತ ಕೇಳುತ್ತದಂತೆ, ಅಲ್ಲಿ ಭಯ.

ಉತ್ತರ: 11 ಬೇಡ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ಜನರೇಷನ್‌ನಿಂದ ಈಚಿನದಕ್ಕೆ ಮಾತ್ರ ಅದು ಅಧಿಕೃತ. 2017ರ ನಿಮ್ಮದು ಬಹುಶಃ ಅದಕ್ಕಿಂತ ಹಳೆಯದು. 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಓಡುವುದೇನೋ ಓಡುತ್ತದೆ, ಆದರೆ ಸೆಕ್ಯುರಿಟಿ ಅಪ್‌ಡೇಟ್‌ಗೆ ಬೇರೆ ಯೋಜನೆಗೆ ಸೇರಬೇಕು. ಅದೂ 2026ರ ಅಕ್ಟೋಬರ್ 13ರವರೆಗೆ. ಲೆಕ್ಕ ಬರೆಯುವುದು, ಮೇಲ್ ನೋಡುವುದು ಇಷ್ಟೇ ಆದರೆ ಮುಂದೆ ಮಿಂಟ್‌ಗೇ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗೆ ಎಫ್12. ಎಚ್‌ಪಿಗೆ ಎಸ್ಕೇಪ್, ಆಮೇಲೆ ಎಫ್9. ಆಸುಸ್‌ಗೆ ಎಸ್ಕೇಪ್. ಏಸರ್‌ಗೂ ಎಫ್12, ಆದರೆ ಕೆಲವದರಲ್ಲಿ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹೋಗಿ ಅದನ್ನು ಚಾಲೂ ಮಾಡಬೇಕು. ಕೀ ಕೇಳಿದರೆ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ. ಎಡಿಶನ್ ಕೇಳಿದರೆ ಮೊದಲು ಇದ್ದದ್ದನ್ನೇ ಆರಿಸಿ. ನಮ್ಮಲ್ಲಿ ಮಾರಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಇರುತ್ತದೆ. ಪ್ರೊ ಚೆನ್ನಾಗಿರುತ್ತದೆ ಅಂತ ಆಸೆಗೆ ಒತ್ತಿದರೆ ಆಕ್ಟಿವೇಟ್ ಆಗುವುದಿಲ್ಲ.

ಆಮೇಲೆ ‘ಕಸ್ಟಮ್’. ಪಾರ್ಟಿಶನ್ ಪಟ್ಟಿ ಬರುತ್ತದೆ, ಅಲ್ಲಿ ಸಿ, ಡಿ ಅಂತ ಬರೆದಿರುವುದಿಲ್ಲ. ಗಾತ್ರ ನೋಡಿಯೇ ಗುರುತಿಸಬೇಕು. ಮಿಂಟ್‌ನಲ್ಲಿದ್ದಾಗ ಯಾವುದು ಎಷ್ಟು ಜಿಬಿ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಸಿ ಒಂದನ್ನೇ ಆರಿಸಿ ಫಾರ್ಮ್ಯಾಟ್ ಮಾಡಿ ಮುಂದುವರಿಯಿರಿ. ಸಣ್ಣ ಸಣ್ಣ ಪಾರ್ಟಿಶನ್‌ಗಳನ್ನು ಅವುಗಳ ಪಾಡಿಗೆ ಬಿಡಿ. ಗೊಂದಲ ಆದರೆ ಅಲ್ಲಿಗೇ ನಿಲ್ಲಿಸಿ ಫೋಟೋ ಹಾಕಿ.

ಹಾಕುವ ಮಧ್ಯೆ ಕರೆಂಟ್ ಹೋದರೆ ಗಾಬರಿ ಬೇಡ, ಬ್ಯಾಟರಿ ಚೆನ್ನಾಗಿದ್ದರೆ ತಡೆದುಕೊಳ್ಳುತ್ತದೆ. ನಿಂತೇ ಹೋದರೂ ಮೊದಲಿನಿಂದ ಶುರುಮಾಡಿದರಾಯಿತು. ಬಯೋಸ್ ಅಪ್‌ಡೇಟ್ ಮಾತ್ರ ಮಳೆಗಾಲದಲ್ಲಿ ಮುಟ್ಟಬೇಡಿ. ಅದು ಅರ್ಧಕ್ಕೆ ನಿಂತರೆ ಬೋರ್ಡೇ ಮಲಗುತ್ತದೆ.

ಮತ್ತೊಬ್ಬ ಸದಸ್ಯರು (ಹೊಸನಗರ, ಶಿಕ್ಷಕಿ): ಸರ್, ನನ್ನದು ವಿಂಡೋಸ್ 11. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತಿದೆ. ನಾನು ಯಾವ ಕೀಯನ್ನೂ ಇಟ್ಟಿಲ್ಲ.

ಉತ್ತರ: ಅದು ಬಿಟ್‌ಲಾಕರ್ ಮೇಡಂ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದೆಯೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಮೊದಲ ಸಲ ಸೆಟಪ್ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟ್‌ಗೆ ಫೋನಿನಿಂದ ಲಾಗಿನ್ ಆಗಿ, ‘ಡಿವೈಸಸ್’ನಲ್ಲಿ ಕೀ ಇರುತ್ತದೆ. ಮಗನ ಅಕೌಂಟಿನಲ್ಲಿ ಸೆಟಪ್ ಮಾಡಿದ್ದರೆ ಅವನದ್ದರಲ್ಲಿ ಹುಡುಕಿ. ಕೀ ಸಿಗುವ ತನಕ ಯಾರಿಗೂ ಫಾರ್ಮ್ಯಾಟ್ ಮಾಡಲು ಕೊಡಬೇಡಿ. ಬೀಗ ತೆಗೆಯದೆ ಮಿಂಟ್ ಪೆನ್‌ಡ್ರೈವ್‌ಗೂ ನಿಮ್ಮ ಫೈಲ್ ಕಾಣುವುದಿಲ್ಲ.

ಸಾಗರದವರು: ಆಯಿತು ಸರ್! ನಿನ್ನೆ ರಾತ್ರಿ ಕೂತು ಮುಗಿಸಿದೆ. ವೈಫೈ ಕಾಣಲಿಲ್ಲ. ಫೋನಿನ ನೆಟ್ ಬರುವ ಹಾಗೆ ಅದರ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಹಾಕಿದೆ, ಡ್ರೈವರ್ ತಾನೇ ಇಳಿಯಿತು. ‘ವಿಂಡೋಸ್ ಈಸ್ ಆಕ್ಟಿವೇಟೆಡ್’ ಅಂತಲೂ ಬಂತು, ದುಡ್ಡು ಕೇಳಲಿಲ್ಲ. ಆದರೆ ಒಂದು ತೊಂದರೆ. ಮಂಡಿ ಲೆಕ್ಕ ಸರಿ ಇದೆ, ಸಮಿತಿಯ ನೋಟಿಸುಗಳು ಮಾತ್ರ ಹಾಳಾಗಿವೆ. ಕನ್ನಡ ಇದ್ದ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಟೋಪಿ, ಚುಕ್ಕಿ. ಫೈಲ್ ಕೆಟ್ಟಿತಾ?

ಉತ್ತರ: ಕೆಟ್ಟಿಲ್ಲ. ಅವನ್ನು ಹಳೇ ‘ನುಡಿ’ ಎನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದೀರಿ. ಆ ಅಕ್ಷರಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ನುಡಿ ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಸಿ ಡ್ರೈವ್ ಅಳಿಸಿದಾಗ ಫಾಂಟೂ ಹೋಯಿತು. ನುಡಿ ಮತ್ತೆ ಹಾಕಿ. ಆಮೇಲೆ ಬಿಡುವಾದಾಗ ಅದರ ಕನ್ವರ್ಟರ್‌ನಲ್ಲಿ ಒಂದೊಂದೇ ಫೈಲನ್ನು ಯೂನಿಕೋಡ್‌ಗೆ ಬದಲಾಯಿಸಿ, ಆಗ ಫೋನಿನಲ್ಲೂ ಓದಬಹುದು. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಒಮ್ಮೆ ಓದಿ ತಿದ್ದಬೇಕು.

ಸಾಗರದವರು: ನುಡಿ ಹಾಕಿದೆ, ಬಂತು ಸರ್. 2019ರ ರಥೋತ್ಸವದ ಖರ್ಚಿನ ಪಟ್ಟಿ ಕಣ್ಣೆದುರಿಗಿದೆ. ಪೆನ್‌ಡ್ರೈವ್ ಎರಡೂ ಹಾಗೇ ಇರಲಿ ಅಲ್ವಾ?

ಉತ್ತರ: ಇರಲಿ. ಅಟ್ಟದ ಮೇಲೆ ಮಾತ್ರ ಇಡಬೇಡಿ.